ವೆಲ್ಡ್ ಮಾಡಿದ ಫ್ರೇಮಿಗೆ ಎಷ್ಟು ಟಾಲರೆನ್ಸ್ ಕೊಡಬೇಕು? (2400 ಮಿ.ಮೀ. ಕನ್ವೇಯರ್ ಫ್ರೇಮ್)

ಗೆರೆ_ಅಳತೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಬೆಲ್ಟ್ ಕನ್ವೇಯರಿನ ಹಳೇ ಡ್ರಾಯಿಂಗ್ ಈಗ ನನ್ನ ಕೈಗೆ ಬಂದಿದೆ. ಉದ್ದ 2400, ಅಗಲ 600. ಎರಡು ಸೈಡ್ ಮೆಂಬರ್, 60×40×3 ಬಾಕ್ಸ್ ಪೈಪ್. ನಡುವೆ ಐದು ಕ್ರಾಸ್ ಮೆಂಬರ್, ಎಲ್ಲವೂ ಒಳಗಡೆಯಿಂದ ಫಿಲೆಟ್ ವೆಲ್ಡ್ (ಎರಡು ಭಾಗ ಸೇರುವ ಮೂಲೆಯಲ್ಲಿ ತುಂಬುವ ವೆಲ್ಡ್). ಎರಡೂ ತುದಿಯಲ್ಲಿ ಯುಸಿಪಿ 206 ಬೇರಿಂಗ್ ಮೇಲೆ ಡ್ರಮ್ ಕೂರುತ್ತೆ. ಡ್ರೈವ್ ಕಡೆ ಗೇರ್‌ಬಾಕ್ಸಿಗೆ ಒಂದು ಪ್ಲೇಟ್, ಎರಡು ಶಾಫ್ಟ್ ಜೋಡಿಸಲು ಜಾ ಕಪ್ಲಿಂಗ್.

ಟೈಟಲ್ ಬ್ಲಾಕಿನಲ್ಲಿ (ಡ್ರಾಯಿಂಗಿನ ಮೂಲೆಯ ವಿವರದ ಚೌಕ) ಎಲ್ಲಾ ಅಳತೆಗೂ ಟಾಲರೆನ್ಸ್, ಅಂದರೆ ಹೆಚ್ಚು ಕಮ್ಮಿ ಆಗಲು ಬಿಡುವ ಮಿತಿ, ±0.1 ಅಂತ ಇದೆ. ಸೈಡ್ ಮೆಂಬರ್‌ಗಳ ಪ್ಯಾರಲಲಿಸಂ (ಸಮಾನಾಂತರದಿಂದ ತಪ್ಪಬಹುದಾದ ಮಿತಿ) 0.2. ಒಬ್ಬ ಫ್ಯಾಬ್ರಿಕೇಟರ್ ಡ್ರಾಯಿಂಗ್ ನೋಡಿ ರೇಟೇ ಕೊಡಲಿಲ್ಲ. ಇನ್ನೊಬ್ಬರು ಇಡೀ ಫ್ರೇಮ್ ಮಷಿನಿಂಗ್ ಮಾಡಿಸಬೇಕಾಗುತ್ತೆ ಅಂತ ಮೂರು ಪಟ್ಟು ರೇಟ್ ಹೇಳಿದ್ದಾರೆ. ಈ 0.1 ಎಲ್ಲಿಂದ ಬಂತು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಸಡಿಲ ಮಾಡಿದರೆ ಬೆಲ್ಟ್ ಒಂದು ಪಕ್ಕಕ್ಕೆ ಓಡುತ್ತೆ ಅನ್ನೋ ಭಯ ಎಲ್ಲರಿಗೂ ಇದೆ. ವೆಲ್ಡಿಂಗ್‌ನಲ್ಲಿ ನಿಜವಾಗಿ ಎಷ್ಟು ಹಿಡಿಯಬಹುದು? ಡ್ರಾಯಿಂಗಿನಲ್ಲಿ ಏನು ಬರೆಯಬೇಕು?

ಪೀಣ್ಯ_ಫಿಟ್ಟರ್

ಮೇಡಂ, ನೀವು ಹೇಳಿದ ಥರದ ಫ್ರೇಮ್ ನಮ್ಮ ಶೆಡ್ಡಿನಲ್ಲಿ ದಿನಾ ಆಗುತ್ತೆ. ಅದು ಹೇಗೆ ಎಳೆಯುತ್ತೆ ಅಂತ ಮೊದಲು ಹೇಳ್ತೀನಿ. ಅದು ಗೊತ್ತಾದರೆ ನಂಬರ್ ತಾನಾಗೇ ಬರುತ್ತೆ.

ಟ್ಯಾಕ್ (ಹಿಡಿದು ನಿಲ್ಲಿಸೋ ಚಿಕ್ಕ ವೆಲ್ಡ್) ಹೊಡೆದಾಗ ಫ್ರೇಮ್ ಚೆನ್ನಾಗೇ ಇರುತ್ತೆ. ಗುಣಿಯಾ ಇಟ್ಟರೆ ಬೆಳಕೂ ಕಾಣಲ್ಲ. ಫುಲ್ ವೆಲ್ಡ್ ಶುರುವಾದ ಮೇಲೆ ಆಟ ಬೇರೆ. ನಿಮ್ಮ ಐದೂ ಕ್ರಾಸ್ ಮೆಂಬರ್ ಸೈಡ್ ಪೈಪಿನ ಒಳಮುಖಕ್ಕೇ ವೆಲ್ಡ್ ಆಗ್ತಿವೆ. ವೆಲ್ಡ್ ಆರುವಾಗ ಪೈಪಿನ ಒಳಮುಖ ಕುಗ್ಗುತ್ತೆ, ಹೊರಮುಖ ಹಾಗೇ ಉಳಿಯುತ್ತೆ. ಅದಕ್ಕೇ ಪೈಪ್ ಬಿಲ್ಲಿನ ಹಾಗೆ ಒಳಕ್ಕೆ ಬಾಗುತ್ತೆ. ಎರಡೂ ತುದಿ ಒಳಗೆ ಬರುತ್ತೆ, ಕೊನೆಯ ಕ್ರಾಸ್ ಮೆಂಬರಿನ ಆಚೆ ಖಾಲಿ ಉಳಿದಿರೋ ತುಂಡು ಇನ್ನೂ ಜಾಸ್ತಿ ಬರುತ್ತೆ. ಬೇರಿಂಗ್ ಕೂರೋದು ಸರಿಯಾಗಿ ಅಲ್ಲೇ ಅಲ್ವಾ? ಏನೂ ಕಟ್ಟದೆ ಸುಮ್ನೆ ನೆಲದ ಮೇಲಿಟ್ಟು ವೆಲ್ಡ್ ಮಾಡಿದರೆ ತುದಿಯಲ್ಲಿ ಒಂದು ಸೂತು ಕಮ್ಮಿ ಆಗೋದು ಮಾಮೂಲು. ಅಂದರೆ 3 ಮಿ.ಮೀ.

ಇದಕ್ಕೆ ದಾರಿ ಇದೆ. ಎರಡು ತುದಿಯ ನಡುವೆ ಜ್ಯಾಕ್ ಬೋಲ್ಟ್ ಇಟ್ಟು, ಸ್ವಲ್ಪ ಹೊರಕ್ಕೆ ತಳ್ಳಿ, ಪೂರ್ತಿ ಆರೋವರೆಗೂ ಬಿಡೋದು. ಜಾಬ್ ಜಾಸ್ತಿ ಇದ್ದರೆ ಫಿಕ್ಸ್ಚರ್ (ಜಾಬನ್ನ ಬಿಗಿಯಾಗಿ ಹಿಡಿಯೋ ಚೌಕಟ್ಟು) ಮಾಡೋದು. ವೆಲ್ಡ್ ಒಂದೇ ಕಡೆಯಿಂದ ಸಾಲಾಗಿ ಹೊಡೆಯದೆ ನಡುವಿಂದ ಶುರು ಮಾಡಿ, ಎಡ ಒಂದು ಬಲ ಒಂದು ಅಂತ ಆಚೆಗೆ ಹೋಗೋದು. ಇಷ್ಟು ಮಾಡಿದರೆ ಅಗಲದಲ್ಲಿ ±2 ಧೈರ್ಯವಾಗಿ ಕೊಡ್ತೀನಿ. ±0.1 ಯಾವ ವೆಲ್ಡರೂ ಕೊಡೋಕೆ ಆಗಲ್ಲ. ಕೊಡ್ತೀನಿ ಅಂದವರು ಅಳತೆ ಮಾಡದೆ ಕಳಿಸ್ತಾರೆ.

ಕ್ಯೂಸಿ_ಕಣ್ಣು

ಅಳತೆಯ ಮಾತು ಬಂತಲ್ಲ, ಅದನ್ನೂ ನೋಡಿಬಿಡೋಣ. ನಮ್ಮಲ್ಲಿ ಫ್ರೇಮಿನ ಉದ್ದ ನೋಡೋದು ಟೇಪಿನಲ್ಲಿ. ಟೇಪಿನ ಮೇಲೆ ಕ್ಲಾಸ್ 2 ಅಂತ ರೋಮನ್ ಅಂಕಿಯಲ್ಲಿ ಬರೆದಿರುತ್ತೆ. ಅದರ ಲೆಕ್ಕ ±(0.3 + 0.2×ಮೀಟರ್). ಉದ್ದವನ್ನು ಮುಂದಿನ ಪೂರ್ಣ ಮೀಟರಿಗೆ ಏರಿಸಿ ತಗೋಬೇಕು. 2400ಕ್ಕೆ 3 ಮೀಟರ್ ಅಂದರೆ ±0.9 ಮಿ.ಮೀ. ಹೊಚ್ಚ ಹೊಸ ಟೇಪು, ತುದಿಯ ಕೊಕ್ಕೆ ಸಡಿಲ ಆಗಿಲ್ಲದಾಗಿನ ಮಾತು ಇದು.

ಮೇಲೆ ಬಿಸಿಲು. ಉಕ್ಕು ಮೀಟರಿಗೆ, ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತೆ. ವೆಲ್ಡಿಂಗ್ ಬಿಸಿ ಇನ್ನೂ 40 ಡಿಗ್ರಿ ಉಳಿದಿರುವ ಫ್ರೇಮ್ ಅಳೆದರೆ 2400ರಲ್ಲಿ 1.15 ಮಿ.ಮೀ. ಜಾಸ್ತಿ ತೋರಿಸುತ್ತೆ. ಹೀಗಿರುವಾಗ ±0.1 ಪಾಸಾ ಫೇಲಾ ಅಂತ ನಾನು ಹೇಗೆ ಸಹಿ ಹಾಕಲಿ? ಅಳೆಯೋಕೆ ಆಗದ ಟಾಲರೆನ್ಸ್ ಡ್ರಾಯಿಂಗಿನಲ್ಲಿ ಇದ್ದರೆ ಇನ್‌ಸ್ಪೆಕ್ಷನ್ ರಿಪೋರ್ಟಿಗೆ ಬೆಲೆಯೇ ಇರಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ನಾವು ವೆಲ್ಡ್ ಮಾಡಿದ ಜಾಬಿಗೆ ಐಎಸ್ಒ 13920 ಅನ್ನುವ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಬಳಸುತ್ತೇವೆ. ಅದು ಇರುವುದೇ ವೆಲ್ಡಿಂಗಿಗಾಗಿ. ಉದ್ದಕ್ಕೆ ಎ, ಬಿ, ಸಿ, ಡಿ ಅಂತ ನಾಲ್ಕು ಕ್ಲಾಸ್. ನೇರ, ಸಮತಟ್ಟು, ಪ್ಯಾರಲಲಿಸಂ ಇವಕ್ಕೆ ಇ, ಎಫ್, ಜಿ, ಎಚ್. ನಿಮ್ಮ ಫ್ರೇಮಿಗೆ ಸಂಬಂಧಪಟ್ಟ ಸಾಲುಗಳು ಇಷ್ಟು:

600 ಅಗಲ: ಎ ±2, ಬಿ ±3, ಸಿ ±6
2400 ಉದ್ದ: ಎ ±4, ಬಿ ±6, ಸಿ ±11
2400ರಲ್ಲಿ ನೇರ ಮತ್ತು ಪ್ಯಾರಲಲಿಸಂ: ಇ 3, ಎಫ್ 6, ಜಿ 11

ಸಾಮಾನ್ಯ ಯಂತ್ರದ ಫ್ರೇಮಿಗೆ ಬಿ ಮತ್ತು ಎಫ್ ಕೊಡುವುದು ರೂಢಿ. ಎ ಮತ್ತು ಇ ಬೇಕಾದರೆ ಫಿಕ್ಸ್ಚರ್ ಇಟ್ಟುಕೊಂಡು ನಿಧಾನವಾಗಿ ಮಾಡಬೇಕು, ರೇಟೂ ಏರುತ್ತೆ. ಪೀಣ್ಯದವರು ಹೇಳಿದ ±2 ನೋಡಿ, ಸರಿಯಾಗಿ ಎ ಕ್ಲಾಸಿನ ಅಳತೆ. ಕೈ ಅನುಭವವೂ ಪುಸ್ತಕವೂ ಒಂದೇ ಕಡೆ ಬಂದು ನಿಂತಿವೆ.

ಇನ್ನೊಂದು ವಿಷಯ. ನೀವು ತರಿಸುವ ಪೈಪೇ ನೇರ ಇರಲ್ಲ. ಕೋಲ್ಡ್ ಫಾರ್ಮ್ ಮಾಡಿದ ಬಾಕ್ಸ್ ಪೈಪಿಗೆ ಯುರೋಪಿನ ಇಎನ್ 10219 ಪ್ರಕಾರ ಒಟ್ಟು ಉದ್ದದ ಶೇ. 0.15ರಷ್ಟು ಬಾಗು ಇರಬಹುದು. 2400ಕ್ಕೆ 3.6 ಮಿ.ಮೀ. ಪೈಪಿನ ಸೈಜೂ ಶೇ. 1ರಷ್ಟು ಹೆಚ್ಚು ಕಮ್ಮಿ ಆಗಬಹುದು, 60ಕ್ಕೆ 0.6. ಹೀಗಾಗಿ 0.2 ಪ್ಯಾರಲಲಿಸಂ ಅನ್ನುವುದು ವೆಲ್ಡರ್ ಕೈ ಇಡುವ ಮೊದಲೇ ಹೋಗಿರುತ್ತೆ. ಲಾಟಿನಲ್ಲಿ ನೇರ ಇರುವ ಪೈಪ್ ಆರಿಸಿ ತೆಗೆದರೆ ಸ್ವಲ್ಪ ಉಳಿಯುತ್ತೆ ಅಷ್ಟೇ.

ಪರ್ಚೇಸ್_ಮೇಜು

ನಾನು ಒಪ್ಪುವುದಿಲ್ಲ. ನಾವು 3 ಕೊಟ್ಟರೆ ಅವರು 6 ಮಾಡುತ್ತಾರೆ. 0.5 ಕೊಟ್ಟರೆ 2ಕ್ಕೆ ಬಂದು ನಿಲ್ಲುತ್ತಾರೆ. ಬಿಗಿ ಟಾಲರೆನ್ಸ್ ಕೊಡುವುದು ಫ್ಯಾಬ್ರಿಕೇಟರ್ ಎಚ್ಚರವಾಗಿರಲಿ ಅಂತ. ಕೊನೆಗೆ ಡೀವಿಯೇಷನ್ ನೋಟ್ (ಅಳತೆ ತಪ್ಪಿದ್ದರೂ ಒಪ್ಪುತ್ತೇವೆ ಅನ್ನುವ ಚೀಟಿ) ಹಾಕಿ ತಗೊಂಡರಾಯಿತು.

ಕ್ಯೂಸಿ_ಕಣ್ಣು

ಸರ್, ಆ ಡೀವಿಯೇಷನ್ ನೋಟಿಗೆ ಸಹಿ ಹಾಕೋರು ನಾವು. ಪ್ರತಿ ಲಾಟಿಗೂ ನೋಟ್ ಹೊರಟರೆ ಫ್ಯಾಬ್ರಿಕೇಟರ್ ಕಲಿಯೋದು ಒಂದೇ: ಡ್ರಾಯಿಂಗಿನ ನಂಬರ್ ನೋಡಬೇಕಾಗಿಲ್ಲ, ಹೇಗೂ ಬಿಡ್ತಾರೆ ಅಂತ. ಆಮೇಲೆ ನಿಜವಾಗಿ 0.1 ಬೇಕಾದ ಜಾಗ ಬಂದಾಗಲೂ ಅದೇ ಅಂದಾಜಿನಲ್ಲಿ ಮಾಡ್ತಾರೆ. ±3 ಕೊಟ್ಟು 3.5 ಬಂದರೆ ವಾಪಸ್ ಕಳಿಸೋ ಧೈರ್ಯ ಇರಬೇಕು. ಆ ಧೈರ್ಯ ಬರೋದು ನಂಬರ್ ನ್ಯಾಯವಾಗಿದ್ದಾಗ ಮಾತ್ರ. ಇದರಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ.

ಗೋಕುಲ_ರೋಡ್_ಬೋರಿಂಗ್, ಹುಬ್ಬಳ್ಳಿ

ಮೇಡಂ, ಎಷ್ಟು ಹಿಡಿಯಬಹುದು ಅನ್ನೋದು ಎರಡನೇ ಪ್ರಶ್ನೆ ನೋಡ್ರಿ. ಎಷ್ಟು ಬೇಕು ಅನ್ನೋದು ಮೊದಲನೇದು. ನಿಮ್ಮ ಫ್ರೇಮಿನಲ್ಲಿ ಒಂದೊಂದೇ ಜಾಗ ತಗೊಂಡು ಲೆಕ್ಕ ಹಾಕೋಣ.

ಬೇರಿಂಗ್. ಯುಸಿಪಿ 206 ತಾನಾಗೇ ಹೊಂದಿಕೊಳ್ಳೋ ಬೇರಿಂಗ್. ಹೊರ ರಿಂಗು ಗೋಳಾಕಾರ, ಹೌಸಿಂಗಿನಲ್ಲಿ ತಿರುಗಿ ಕೂರುತ್ತೆ. ಗ್ರೀಸ್ ಹಾಕುತ್ತಾ ಇರೋದಾದರೆ 2 ಡಿಗ್ರಿ ತನಕ ಓರೆ ತಡೆಯುತ್ತೆ. 600 ಅಗಲದಲ್ಲಿ 2 ಡಿಗ್ರಿ ಅಂದರೆ 21 ಮಿ.ಮೀ. ಎತ್ತರದ ವ್ಯತ್ಯಾಸ. ನಿಮ್ಮ ಎರಡು ಪ್ಯಾಡ್ (ಬೇರಿಂಗ್ ಕೂರೋ ಜಾಗ) 2 ಮಿ.ಮೀ. ಮೇಲೆ ಕೆಳಗೆ ಇದ್ದರೂ ಓರೆ 0.2 ಡಿಗ್ರಿ ಒಳಗೇ. ಬೇರಿಂಗಿಗೆ ಅದು ಲೆಕ್ಕಕ್ಕೇ ಇಲ್ಲ. ಇದೇ ಜಾಗದಲ್ಲಿ ಮಾಮೂಲಿ ಡೀಪ್ ಗ್ರೂವ್ ಬಾಲ್ ಬೇರಿಂಗನ್ನ ಗಟ್ಟಿ ಹೌಸಿಂಗಿನಲ್ಲಿ ಕೂರಿಸಿದ್ದರೆ ಮಾತು ಬೇರೆ ಇತ್ತು. ಅದು ತಡೆಯೋದು 2ರಿಂದ 10 ಮಿನಿಟ್ ಮಾತ್ರ, ಅಂದರೆ ಒಂದು ಡಿಗ್ರಿಯ ಆರನೇ ಒಂದು ಭಾಗವೂ ದಾಟಲ್ಲ.

ಬೆಲ್ಟ್. ರೋಲರಿನ ಯಾವ ತುದಿಯನ್ನ ಮೊದಲು ಮುಟ್ಟುತ್ತೋ ಆ ಕಡೆಗೇ ಬೆಲ್ಟ್ ಸರಿಯುತ್ತೆ. ಅದಕ್ಕೇ ಡ್ರಮ್ ಬೆಲ್ಟಿಗೆ ಅಡ್ಡಲಾಗಿ 90 ಡಿಗ್ರಿ ಇರಲೇಬೇಕು. ನಿಮ್ಮ ಆಫೀಸಿನವರ ಭಯ ಸರಿಯಾದದ್ದೇ. ಆದರೆ ಅದನ್ನ ವೆಲ್ಡರ್ ಕೈಯಲ್ಲಿ ಕೇಳಬಾರದು, ಬೋಲ್ಟಿನ ಕೈಯಲ್ಲಿ ಕೇಳಬೇಕು. ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಸಿಗೋ ಯುಸಿಪಿ 206ಕ್ಕೆ ಎಂ14 ಬೋಲ್ಟ್, ಹೌಸಿಂಗ್ ತೂತು 17. ಅಲ್ಲೇ ಆ ಕಡೆ ಈ ಕಡೆ ಒಂದೂವರೆ ಸಿಗುತ್ತೆ. ಪ್ಲೇಟಿನಲ್ಲಿ ಉದ್ದ ಸ್ಲಾಟ್ ಕೊಡ್ರಿ, ಹಿಂದೆ ಒಂದು ತಳ್ಳೋ ಬೋಲ್ಟ್ ಕೊಡ್ರಿ. ಟೇಲ್ ಕಡೆ ಯುಸಿಪಿ ಬಿಟ್ಟು ಯುಸಿಟಿ ಟೇಕಪ್ (ಹಿಂದೆ ಮುಂದೆ ಸರಿಸಬಹುದಾದ ಬೇರಿಂಗ್) ಹಾಕ್ರಿ, ಬೆಲ್ಟ್ ಬಿಗಿ ಮಾಡೋಕೂ ಅದು ಬೇಕೇ ಬೇಕು. ಬೆಲ್ಟ್ ಓಡಿಸುತ್ತಾ ಸರಿ ಮಾಡೋದು ಹೇಗೂ ತಪ್ಪಲ್ಲ, ಫ್ರೇಮ್ 0.1ಕ್ಕೆ ಬಂದರೂ ತಪ್ಪಲ್ಲ.

ಗೇರ್‌ಬಾಕ್ಸ್. ಇಡೀ ಫ್ರೇಮಿನಲ್ಲಿ ನಿಜವಾಗಿ ಸೂಕ್ಷ್ಮ ಇರೋದು ಇದೊಂದೇ. ಈ ಸೈಜಿನ ಜಾ ಕಪ್ಲಿಂಗ್ ಎರಡು ಶಾಫ್ಟಿನ ಗೆರೆ ಅರ್ಧ ಮಿ.ಮೀ.ಗಿಂತ ಜಾಸ್ತಿ ತಪ್ಪಿದರೆ ತಡೆಯಲ್ಲ. ವೆಲ್ಡ್ ಮಾಡಿದ ಪ್ಲೇಟ್ ಅಷ್ಟಕ್ಕೆ ಬರಲ್ಲ. ಎರಡು ದಾರಿ. ಪ್ಲೇಟನ್ನ ಒಂದೆರಡು ಮಿ.ಮೀ. ಕೆಳಗೇ ಇಟ್ಟು, ಶಿಮ್ (ತೆಳು ತಗಡಿನ ತುಂಡು) ಕೊಟ್ಟು, ಸ್ಲಾಟಿನಲ್ಲಿ ಸರಿಸಿ, ಡಯಲ್ ಗೇಜ್ ಇಟ್ಟು ಕೂರಿಸೋದು. ಇಲ್ಲ ಅಂದರೆ ಹಾಲೋ ಶಾಫ್ಟ್ ಗೇರ್‌ಬಾಕ್ಸ್ ತಗೊಂಡು ನೇರ ಡ್ರಮ್ ಶಾಫ್ಟಿಗೇ ಹಾಕಿ, ಫ್ರೇಮಿಗೆ ಒಂದು ಟಾರ್ಕ್ ಆರ್ಮ್ (ಗೇರ್‌ಬಾಕ್ಸ್ ತಾನೇ ತಿರುಗದಂತೆ ತಡೆಯೋ ಕೋಲು) ಕಟ್ಟೋದು. ಎರಡನೇದು ಮಾಡಿದರೆ ಕಪ್ಲಿಂಗೂ ಇಲ್ಲ, ಅಲೈನ್‌ಮೆಂಟ್ ಪ್ರಶ್ನೆಯೂ ಇಲ್ಲ. ನಾನಾಗಿದ್ದರೆ ಅದನ್ನೇ ಮಾಡ್ತಿದ್ದೆ.

ನಮ್ಮ ಹತ್ತಿರ ಬರೋ ಪಂಪ್ ಬೇಸ್, ಪ್ರೆಸ್ ಬಾಡಿ ಅಂಥವು ಬೇರೆ ಜಾತಿ. ಅಲ್ಲಿ ಪ್ಯಾಡಿಗೆ 3, 4 ಮಿ.ಮೀ. ಜಾಸ್ತಿ ದಪ್ಪ ಇಟ್ಟು ವೆಲ್ಡ್ ಮಾಡಬೇಕು. 600 ಡಿಗ್ರಿ ಆಸುಪಾಸಿನಲ್ಲಿ ಸ್ಟ್ರೆಸ್ ರಿಲೀವ್ (ಬಿಸಿ ಮಾಡಿ ವೆಲ್ಡಿಂಗಿನ ಒಳ ಎಳೆತ ತೆಗೆಯೋದು) ಮಾಡಿಸಬೇಕು. ಆಮೇಲೆ ಎಲ್ಲಾ ಪ್ಯಾಡ್ ಒಂದೇ ಸೆಟ್ಟಿಂಗಿನಲ್ಲಿ ಕಟ್ ಮಾಡಬೇಕು. ತೂತೂ ಆಗಲೇ ಹೊಡೀಬೇಕು. ವೆಲ್ಡ್‌ಗೆ ಮೊದಲೇ ಬೋರ್ ಮಾಡಿಸಿ ಕಳಿಸ್ತಾರೆ ಕೆಲವರು. ಆಮೇಲೆ ಬೋರ್ ಓರೆ ಬಂತು ಅಂತ ನಮ್ಮ ಹತ್ತಿರ ಬರ್ತಾರೆ, ಅಷ್ಟೊತ್ತಿಗೆ ತೆಗೆಯೋಕೆ ಮೆಟೀರಿಯಲ್ಲೇ ಉಳಿದಿರಲ್ಲ. ನಿಮ್ಮ 3 ಮಿ.ಮೀ. ಪೈಪಿನ ಫ್ರೇಮಿಗೆ ಇದ್ಯಾವುದೂ ಬೇಡ.

ಗೆರೆ_ಅಳತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಲೋ ಶಾಫ್ಟ್ ಗೇರ್‌ಬಾಕ್ಸಿಗೆ ಆಫೀಸಿನಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಇನ್ನೊಂದು ಪ್ರಶ್ನೆ. ಕ್ರಾಸ್ ಮೆಂಬರ್, ಸೈಡ್ ಮೆಂಬರ್, ಪ್ಯಾಡ್, ಹೌಸಿಂಗ್ ಹೀಗೆ ನಾಲ್ಕು ಭಾಗ ಸಾಲಾಗಿ ಬರುತ್ತವೆ. ಪ್ರತಿಯೊಂದಕ್ಕೂ ±1 ಇದ್ದರೆ ನೇರವಾಗಿ ಕೂಡಿದಾಗ ±4. ಆದರೆ ಕಾಲೇಜಿನಲ್ಲಿ ಹೇಳಿಕೊಟ್ಟ ಹಾಗೆ ವರ್ಗ ಮಾಡಿ ಕೂಡಿ ಮೂಲ ತೆಗೆದರೆ ±2. ಯಾವುದನ್ನು ನಂಬಲಿ?

ಸ್ಟುಟ್‌ಗಾರ್ಟ್_ಕನ್ನಡಿಗ

ಒಳ್ಳೆಯ ಪ್ರಶ್ನೆ. ಆ ವರ್ಗಮೂಲದ ಲೆಕ್ಕದ ಹಿಂದೆ ಒಂದು ಷರತ್ತು ಇದೆ. ತಪ್ಪುಗಳು ಆ ಕಡೆಗೂ ಈ ಕಡೆಗೂ ಸಮನಾಗಿ ಬೀಳಬೇಕು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಬಾರದು. ಲೇತಿನಲ್ಲಿ ತಯಾರಾದ ಬೇರೆ ಬೇರೆ ಭಾಗಗಳಿಗೆ ಅದು ಸುಮಾರಾಗಿ ಸರಿ. ವೆಲ್ಡ್ ಹಾಗಲ್ಲ. ವೆಲ್ಡ್ ಯಾವಾಗಲೂ ಕುಗ್ಗುತ್ತೆ, ಹಿಗ್ಗುವುದಿಲ್ಲ. ನಾಲ್ಕು ಜಾಯಿಂಟ್ ಇದ್ದರೆ ನಾಲ್ಕೂ ಒಂದೇ ದಿಕ್ಕಿಗೆ ಎಳೆಯುತ್ತವೆ, ಒಂದನ್ನೊಂದು ಸರಿದೂಗಿಸುವುದಿಲ್ಲ.

ಹಾಗಾಗಿ ಕೆಲಸ ಎರಡು ಹಂತ. ಮೊದಲು ಕುಗ್ಗುವುದನ್ನು ಲೆಕ್ಕ ಹಾಕಿ ಕಟಿಂಗ್ ಅಳತೆಗೆ ಸೇರಿಸಿ. ಅಂದಾಜಿಗೆ ಬಳಸುವ ಅಂಕಿ: ಫಿಲೆಟ್ ವೆಲ್ಡ್ ಅಡ್ಡಲಾಗಿ ಒಂದಕ್ಕೆ 0.8 ಮಿ.ಮೀ. ಎಳೆಯುತ್ತೆ, ಲೆಗ್ (ವೆಲ್ಡಿನ ಒಂದು ಬದಿಯ ಅಳತೆ) ಪ್ಲೇಟ್ ದಪ್ಪದ ಮುಕ್ಕಾಲು ಭಾಗ ದಾಟದಿದ್ದಾಗ. 60 ಡಿಗ್ರಿ ವಿ ಬಟ್ ವೆಲ್ಡ್ (ಎರಡು ಅಂಚು ಎದುರೆದುರು ಇಟ್ಟು ಮಾಡುವುದು) 1.5ರಿಂದ 3 ಎಳೆಯುತ್ತೆ, ಎಷ್ಟು ರನ್ (ವೆಲ್ಡಿನ ಪದರ) ಅನ್ನುವುದರ ಮೇಲೆ. ಹೀಗೆ ಸೇರಿಸಿದ ಮೇಲೂ ಫ್ರೇಮಿನಿಂದ ಫ್ರೇಮಿಗೆ ಒಂದಿಷ್ಟು ಏರುಪೇರು ಉಳಿಯುತ್ತೆ. ಟಾಲರೆನ್ಸ್ ಕೊಡಬೇಕಾದ್ದು ಆ ಉಳಿದದ್ದಕ್ಕೆ ಮಾತ್ರ. ಅದಕ್ಕೆ ಬೇಕಾದರೆ ವರ್ಗಮೂಲ ಹಾಕಿ, ತಪ್ಪಿಲ್ಲ. ಕುಗ್ಗುವುದನ್ನೇ ಟಾಲರೆನ್ಸಿನೊಳಗೆ ತುಂಬಿದರೆ ಏನಾಗುತ್ತೆ ಗೊತ್ತಾ? ಎಲ್ಲಾ ಫ್ರೇಮೂ ಮೈನಸ್ ಕಡೆಯ ಅಂಚಿಗೇ ಬಂದು ನಿಲ್ಲುತ್ತೆ. ಅಲ್ಲಿಂದ ಸ್ವಲ್ಪ ಜಾರಿದರೂ ಲಾಟ್ ಪೂರ್ತಿ ರಿಜೆಕ್ಟ್.

ಮೊದಲ ಮೂರು ನಾಲ್ಕು ಫ್ರೇಮ್ ವೆಲ್ಡಿಂಗಿಗೆ ಮೊದಲು ಒಂದು ಸಲ, ಆರಿದ ಮೇಲೆ ಒಂದು ಸಲ ಅಳೆದು ಬರೆದಿಡಲು ಹೇಳಿ. ನಿಮ್ಮ ಫ್ಯಾಬ್ರಿಕೇಟರ್, ನಿಮ್ಮ ಪೈಪ್, ನಿಮ್ಮ ಕರೆಂಟ್ ಸೆಟ್ಟಿಂಗಿಗೆ ಸರಿಯಾದ ಅಂಕಿ ಅಲ್ಲೇ ಸಿಗುತ್ತೆ. ಪುಸ್ತಕದ ಅಂಕಿಗಿಂತ ಅದು ಮೇಲು.

ಪೀಣ್ಯ_ಫಿಟ್ಟರ್

ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ. ಲೆಗ್ ಸೈಜಿನ ಬಗ್ಗೆ ನಾನೊಂದು ಸೇರಿಸ್ತೀನಿ. 3 ಮಿ.ಮೀ. ಗೋಡೆಯ ಪೈಪಿಗೆ 3 ಲೆಗ್ ಸಾಕು. ಡ್ರಾಯಿಂಗಿನಲ್ಲಿ ಸೈಜ್ ಬರೆದಿಲ್ಲ ಅಂದರೆ ವೆಲ್ಡರ್ ಗಟ್ಟಿ ಇರಲಿ ಅಂತ 6 ಹಾಕ್ತಾನೆ. 3ರ ಲೆಗ್ಗಿಗೆ ತುಂಬೋ ಮೆಟಲ್ 4.5 ಚದರ ಮಿ.ಮೀ., 6ಕ್ಕೆ 18. ನಾಲ್ಕು ಪಟ್ಟು ಮೆಟಲ್, ಅಷ್ಟೇ ಜಾಸ್ತಿ ಬಿಸಿ, ಅಷ್ಟೇ ಜಾಸ್ತಿ ಎಳೆತ. ಫಿಟಪ್‌ನಲ್ಲಿ ಗ್ಯಾಪ್ ಬಿಟ್ಟರೂ ಹಾಗೇ, ವೆಲ್ಡ್ ಅದನ್ನ ಎಳೆದು ಮುಚ್ಚುತ್ತೆ. ಕ್ರಾಸ್ ಮೆಂಬರ್ ತುದಿ ಚಾಪ್ ಸಾದಲ್ಲಿ ಓರೆ ಕಟ್ ಆಗಿದ್ದರೆ ಒಂದು ಮೂಲೇಲಿ 2 ಮಿ.ಮೀ. ಸಂದು ಕಾಣುತ್ತೆ, ಫ್ರೇಮ್ ಆ ಕಡೆಗೇ ತಿರುಗುತ್ತೆ. ಆದ್ದರಿಂದ ಕಟಿಂಗ್ ಟಾಲರೆನ್ಸ್ ಬಿಗಿ ಕೊಡಿ ಮೇಡಂ, ಅದನ್ನ ನಾವು ಕೊಡಬಲ್ಲೆವು. ತುದಿ 90 ಡಿಗ್ರಿ, ಐದೂ ತುಂಡು ಒಂದೇ ಉದ್ದ, ±0.5. ಸ್ಟಾಪರ್ ಇಟ್ಟು ಕಟ್ ಮಾಡಿದರೆ ಸುಲಭ.

ಕ್ಯೂಸಿ_ಕಣ್ಣು

ಒಂದು ಗೊಂದಲ ಮೊದಲೇ ತಪ್ಪಿಸಿ. ಅಲೈನ್‌ಮೆಂಟ್ ಅಂದರೆ ಕೆಲವರು ಬಟ್ ಜಾಯಿಂಟಿನಲ್ಲಿ ಎರಡು ಪ್ಲೇಟ್ ಮೇಲೆ ಕೆಳಗೆ ಕೂರೋದು ಅಂದುಕೊಳ್ತಾರೆ. ಅದಕ್ಕೆ ಲೆಕ್ಕ ಬೇರೆ. ಐಎಸ್ಒ 5817ರಲ್ಲಿ ಬಿ ಮಟ್ಟಕ್ಕೆ ದಪ್ಪದ ಶೇ. 10, ಹೆಚ್ಚೆಂದರೆ 3 ಮಿ.ಮೀ.; ಸಿ ಮಟ್ಟಕ್ಕೆ ಶೇ. 15, ಹೆಚ್ಚೆಂದರೆ 4. ಅದು ಜಾಯಿಂಟಿನ ಬಲದ ಪ್ರಶ್ನೆ. ಫ್ರೇಮಿನ ಅಳತೆಗೆ 13920, ವೆಲ್ಡಿನ ಗುಣಮಟ್ಟಕ್ಕೆ 5817. ಎರಡನ್ನೂ ಬೇರೆ ಬೇರೆ ಬರೆಯಿರಿ.

ಗೆರೆ_ಅಳತೆ

ಹೊಸ ಡ್ರಾಯಿಂಗಿಗೆ ಹೀಗೆ ಬರೆದಿದ್ದೇನೆ. ಟೈಟಲ್ ಬ್ಲಾಕಿನ ±0.1 ತೆಗೆದು, ವೆಲ್ಡಿಂಗಿಗೆ ಐಎಸ್ಒ 13920 ಬಿಎಫ್. ಬೇರಿಂಗ್ ಕೂರುವ ಎರಡು ತುದಿಯಲ್ಲಿ ಮಾತ್ರ ಅಗಲ 600 ±2. ಡಯಾಗನಲ್ ವ್ಯತ್ಯಾಸ 3ರ ಒಳಗೆ. ಕ್ರಾಸ್ ಮೆಂಬರ್ ಕಟಿಂಗ್ ±0.5. ಫಿಲೆಟ್ 3. ಡ್ರೈವ್ ಕಡೆ ಸ್ಲಾಟ್ ಮತ್ತು ತಳ್ಳುವ ಬೋಲ್ಟ್, ಟೇಲ್ ಕಡೆ ಯುಸಿಟಿ. ಬೇರಿಂಗ್ ಪ್ಲೇಟಿನ ತೂತು ವೆಲ್ಡ್ ಆದ ಮೇಲೆ. ಏನಾದರೂ ಬಿಟ್ಟಿದ್ದೇನಾ?

ಪೀಣ್ಯ_ಫಿಟ್ಟರ್

ಚೆನ್ನಾಗಿದೆ. ಆದರೆ ಚಿಕ್ಕ ಶೆಡ್ಡುಗಳಲ್ಲಿ 13920 ಪುಸ್ತಕ ಇರಲ್ಲ ಮೇಡಂ. ಬಿಎಫ್ ಅಂತ ಬರೆದರೆ ಯಾರೂ ತೆಗೆದು ನೋಡಲ್ಲ. ಆ ಕೋಡಿನ ಪಕ್ಕದಲ್ಲೇ ನಿಮ್ಮ ಜಾಬಿಗೆ ಬೇಕಾದ ನಾಲ್ಕು ಸಾಲು ನಂಬರ್ ಬರೆದುಬಿಡಿ.

ಇನ್ನೊಂದು, ಡಯಾಗನಲ್ ಒಂದೇ ಸಾಲದು. ಅದರಲ್ಲಿ ಓರೆ ಗೊತ್ತಾಗುತ್ತೆ, ತಿರುಚು ಗೊತ್ತಾಗಲ್ಲ. ತಿರುಚಿಗೆ ನಾಲ್ಕು ಮೂಲೆಯಿಂದ ಎರಡು ದಾರ ಅಡ್ಡ ಕಟ್ಟಿ. ನಡುವೆ ಎರಡೂ ದಾರ ಸುಮ್ನೆ ಮುಟ್ಟಿಕೊಂಡಿರಬೇಕು. ಸಂದು 1 ಮಿ.ಮೀ. ಕಂಡರೆ ಒಂದು ಮೂಲೆ 2 ಮಿ.ಮೀ. ಎದ್ದಿದೆ ಅಂತ. ಒಂದನ್ನೊಂದು ಒತ್ತುತ್ತಾ ಇದ್ದರೆ ಮೇಲಿನ ದಾರ ಕೆಳಗೆ ಹಾಕಿ ಮತ್ತೆ ನೋಡಿ. ಖರ್ಚಿಲ್ಲದ ಚೆಕ್ಕು, ನನಗೆ ಇದರ ಮೇಲೆ ತುಂಬಾ ನಂಬಿಕೆ.

ಗೋಕುಲ_ರೋಡ್_ಬೋರಿಂಗ್, ಹುಬ್ಬಳ್ಳಿ

ಗ್ಯಾಲ್ವನೈಸಿಂಗ್ ಇದೆಯಾ ಪೇಂಟಾ? ಹಾಟ್ ಡಿಪ್ ಅಂದರೆ 450 ಡಿಗ್ರಿ ಸತುವಿನಲ್ಲಿ ಮುಳುಗುತ್ತೆ. ವೆಲ್ಡಿಂಗಿನ ಒಳ ಎಳೆತ ಅಲ್ಲಿ ಬಿಡುಗಡೆ ಆಗಿ ಫ್ರೇಮ್ ಮತ್ತೊಮ್ಮೆ ಬಾಗಬಹುದು. ಹಾಗಿದ್ದರೆ ಕೊನೆಯ ಅಳತೆ ಅದಾದ ಮೇಲೆ ಅಂತ ಬರೀರಿ, ಬಾಕ್ಸ್ ಪೈಪಿಗೆ ಗಾಳಿ ಹೋಗೋ ತೂತು ಮರೀಬೇಡ್ರಿ. ಮುಚ್ಚಿದ ಪೈಪ್ ಮುಳುಗಿಸಿದರೆ ಒಳಗಿನ ಒತ್ತಡಕ್ಕೆ ಒಡೀಬಹುದು, ಪಕ್ಕದಲ್ಲಿ ನಿಂತವರಿಗೆ ಅಪಾಯ.

ಗೆರೆ_ಅಳತೆ

ಪೌಡರ್ ಕೋಟಿಂಗ್ ಸರ್, ಗ್ಯಾಲ್ವನೈಸಿಂಗ್ ಇಲ್ಲ. ನಂಬರ್ ಟೇಬಲ್ ಮತ್ತು ದಾರದ ಚೆಕ್ ಎರಡನ್ನೂ ಸೇರಿಸುತ್ತೇನೆ.

ಕ್ಯೂಸಿ_ಕಣ್ಣು

ಹಾಗಾದರೆ ಇನ್ನೊಂದೇ ಸಾಲು ಬೇಕು: "ಎಲ್ಲಾ ಅಳತೆ ಫ್ರೇಮ್ ಪೂರ್ತಿ ಆರಿದ ಮೇಲೆ, ಕ್ಲ್ಯಾಂಪ್ ಮತ್ತು ಜ್ಯಾಕ್ ಬೋಲ್ಟ್ ಬಿಚ್ಚಿ, ನೆರಳಿನಲ್ಲಿ." ಕ್ಲ್ಯಾಂಪ್ ಇದ್ದಾಗ ಎಲ್ಲಾ ಫ್ರೇಮೂ ಪಾಸ್ ಆಗುತ್ತೆ. ಬಿಚ್ಚಿದ ಮೇಲೆ ಎಷ್ಟು ಹಿಂದಕ್ಕೆ ಬಂತು ಅನ್ನೋದೇ ನಮಗೆ ಬೇಕಾದ ಅಳತೆ.

ಗೆರೆ_ಅಳತೆ

ಸೇರಿಸಿದೆ. ಮೊದಲು ರೇಟ್ ಕೊಡದೆ ಹೋದವರಿಗೇ ಈ ಡ್ರಾಯಿಂಗ್ ಮತ್ತೆ ಕಳಿಸುತ್ತಿದ್ದೇನೆ. ಮೊದಲ ಫ್ರೇಮಿನ ವೆಲ್ಡಿಂಗ್ ಮುಂಚಿನ ಅಳತೆ, ಆಮೇಲಿನ ಅಳತೆ ಎರಡನ್ನೂ ಇಲ್ಲೇ ಹಾಕುತ್ತೇನೆ.